ನೀಲವ್ವನ ಕೈ ಮತ್ತು ಕಳೆದ ವರ್ಷದ ಹಿಮ

ರಾಣೆಬೆನ್ನೂರಿನಲ್ಲಿ ಚಳಿಗಾಲವೆನ್ನುವುದು ಬೆಳಗಿನ ಒಂದು ತಾಸಿನ ವ್ಯವಹಾರ. ಎಂಟು ಗಂಟೆಗೆ ಬಿಸಿಲು ಅಂಗಳಕ್ಕಿಳಿದರೆ ಮುಗಿಯಿತು, ಆಮೇಲೆ ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಆ ಒಂದು ತಾಸಿಗೆ ನನಗೆ ಸ್ವೆಟರು ಬೇಕು. ಬೇಕೇನೂ ಇಲ್ಲ, ಆದರೆ ಕಳೆದ ಅಕ್ಟೋಬರಿನಲ್ಲಿ ಕೊಂಡ ದಪ್ಪ ನೀಲಿ ಸ್ವೆಟರೊಂದು ಟ್ರಂಕಿನಲ್ಲಿದೆ, ಅದನ್ನು ನಾಲ್ಕು ಜನ ನೋಡಬೇಡವೇ? ಮೊನ್ನೆ ಶನಿವಾರ, ಬೆಳಗಿನ ಶಾಲೆಗೆ ಹೊರಡುವ ಮುನ್ನ ಅದನ್ನು ಮಾಳಿಗೆಯ ಮೇಲೆ ಒಯ್ದು ಕೊಡವಿದೆ. ಜೇಬಿನಿಂದ ಐದು ಒಣಮೆಣಸಿನಕಾಯಿ ಉದುರಿದವು.

ಬ್ಯಾಡಗಿ ಕಾಯಿ. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು. ಹಿಮಾಲಯಕ್ಕೆ ಪ್ರವಾಸ ಹೊರಟಾಗ ದೃಷ್ಟಿಯಾಗದಿರಲಿ ಎಂದು ನೀಲವ್ವ, ತಾನು ಮುಟ್ಟದೆ, ನಮ್ಮೆಲ್ಲರ ಜೇಬಿಗೂ ಐದೈದು ಹಾಕಿಸಿದ್ದಳು. ನಾನು ಒಂದನ್ನೆತ್ತಿ ಮೂಸಿದೆ. ಮೂಸಿದ್ದೇ ತಡ, ನೆನಪಾಯಿತು. ಇದು ಜನವರಿ. ಬ್ಯಾಡಗಿಯಲ್ಲಿ ಹೊಸ ಕಾಯಿಯ ಹಂಗಾಮು ಶುರುವಾಗಿದೆ. ನೀಲವ್ವ ಮತ್ತೆ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿರಬೇಕು. ಸಂಜೆ ಮನೆಗೆ ಬಂದು, ಎಂಟು ತಿಂಗಳ ಮೊಮ್ಮಗಳನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು, ಅದರ ಮುಖ ಸವರುತ್ತಿರಬೇಕು. ತನ್ನ ಕೈಯ ಖಾರವೆಲ್ಲ ಹಿಮಾಲಯದಲ್ಲೇ ಉಳಿಯಿತು ಎಂದು ಅವಳು ನಂಬಿದ್ದಾಳೆ, ಹಾಗೆ ನಂಬಲು ಬಿಟ್ಟವಳು ನಾನು.

ಅವತ್ತು ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಹನ್ನೊಂದೂವರೆಗೆ ಶಾಲೆ ಬಿಟ್ಟಿತು, ನಾನು ನೇರ ಬಸ್‌ಸ್ಟ್ಯಾಂಡಿಗೆ ನಡೆದೆ. ಬ್ಯಾಡಗಿ ಬಸ್ಸು ಎಂದಿನಂತೆ ಆಗಷ್ಟೇ ಹೋಗಿತ್ತು. ಮುಂದಿನ ಬಸ್ಸು ಬರುವತನಕ ನಿಮಗೆ ನೀಲವ್ವನ ವಿಷಯ ಹೇಳಿಬಿಡುತ್ತೇನೆ.

ನೀಲವ್ವ ನನ್ನ ಚಿಗವ್ವ, ಅಂದರೆ ನನ್ನವ್ವನ ತಂಗಿ. ಹದಿನೆಂಟನೇ ವಯಸ್ಸಿನಿಂದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುತ್ತಾಳೆ. ತುಂಬು ಎಂದರೆ ತೊಟ್ಟು. ಗುಡ್ಡೆ ಹಾಕಿದ ಕಾಯಿಯ ಮುಂದೆ ಹೆಂಗಸರು ಸಾಲಾಗಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಮುರಿದು ಈಚೆಗೆ ಎಸೆಯುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ನೀವು ಹೇಳಬಹುದು. ಹೌದು, ಸಾರಿಗೆ ಹಾಕುವವರಿಗೆ ಖಾರ ಕಡಿಮೆ. ಬೆಳಗಿನಿಂದ ಸಂಜೆಯವರೆಗೆ, ಜನವರಿಯಿಂದ ಮೇ ತಿಂಗಳವರೆಗೆ ಬರಿಗೈಯಲ್ಲಿ ಅದನ್ನೇ ಹಿಡಿದು ನೋಡಿ, ಆಮೇಲೆ ಮಾತಾಡೋಣ. ಉಗುರಿನ ಸಂದಿಯೊಳಗೆ ಕೂತ ಉರಿ ಸೋಪಿಗೆ ಬಗ್ಗುವುದಿಲ್ಲ. ಎಣ್ಣೆ ಹಚ್ಚಿ, ಕಡಲೆಹಿಟ್ಟು ತಿಕ್ಕಿ, ಮೊಸರಲ್ಲಿ ಕೈ ಅದ್ದಿ ಕೂರಬೇಕು, ಆಗಲೂ ಪೂರ್ತಿ ಹೋಗುವುದಿಲ್ಲ.

ಅವಳು ಕೆಲಸಕ್ಕೆ ಸೇರಿದ ಮೊದಲ ವಾರ. ನನಗಾಗ ಮೂರು ವರ್ಷ. ಅಜ್ಜನ ಮನೆಯ ಕಟ್ಟೆಯಿಂದ ಬಿದ್ದು ಅಳುತ್ತ ಕೂತಿದ್ದೆನಂತೆ. ಯಾರ್ಡಿನಿಂದ ಆಗಷ್ಟೇ ಬಂದ ನೀಲವ್ವ ಓಡಿಬಂದು ನನ್ನನ್ನೆತ್ತಿಕೊಂಡು ಕಣ್ಣೀರು ಒರೆಸಿದಳು. ಎರಡೂ ಕಣ್ಣಿನದು, ಚೆನ್ನಾಗಿ ತಿಕ್ಕಿ ಒರೆಸಿದಳು. ಆಮೇಲಿನದನ್ನು ನಾನು ಹೇಳಬೇಕಿಲ್ಲ. ನನ್ನ ಕೂಗು ರೈಲ್ವೆ ಸ್ಟೇಷನ್ನಿನವರೆಗೆ ಕೇಳಿತ್ತು ಎಂದು ಅವ್ವ ಹೇಳುತ್ತಿದ್ದಳು. ಕಣ್ಣಿಗೆ ಹಾಲು ಹಾಕಿದರು, ಎರಡು ದಿನ ಕೆಂಪಗಿದ್ದು ಮೂರನೇ ದಿನ ಸರಿಹೋಯಿತು. ನನಗೆ ಇದರಲ್ಲಿ ಒಂದಕ್ಷರವೂ ನೆನಪಿಲ್ಲ. ಮನೆಯಲ್ಲಿ ನಗಲು ಒಂದು ಕಥೆಯಾಯಿತು, ಮದುವೆ ಮುಂಜಿಯಲ್ಲಿ ಯಾರಾದರೊಬ್ಬರು ತೆಗೆಯುವರು, ಎಲ್ಲರೂ ನಗುವರು. ನೀಲವ್ವನೂ ನಗುತ್ತಿದ್ದಳು.

ಆದರೆ ಅವತ್ತಿನಿಂದ ಅವಳು ಯಾವ ಮಗುವನ್ನೂ ಅಂಗೈಯಲ್ಲಿ ಮುಟ್ಟಲಿಲ್ಲ. ಯಾರ್ಡಿನ ಹೆಂಗಸರೆಲ್ಲ ಹಂಗಾಮಿನಲ್ಲಿ ಮಕ್ಕಳನ್ನು ಮುಂಗೈಯಿಂದಲೇ ಎತ್ತುತ್ತಾರೆ. ಬೆರಳು ದೂರ ಚಾಚಿ, ಮುಂಗೈಗಳ ನಡುವೆ ಕೂಸನ್ನು ಹಿಡಿದು ಸೊಂಟಕ್ಕೆ ಏರಿಸುತ್ತಾರೆ, ಕೆನ್ನೆಯನ್ನೂ ಮುಂಗೈಯಿಂದಲೇ ಸವರುತ್ತಾರೆ. ಮಳೆ ಬಿತ್ತೆಂದರೆ ಅವರ ಕೈ ತಿರುಗಿ ಎಲ್ಲರ ಕೈಯಂತಾಗುತ್ತದೆ. ನೀಲವ್ವನದು ಮಾತ್ರ ಹನ್ನೆರಡು ತಿಂಗಳೂ ಮುಂಗೈಯೇ. ತನ್ನ ಸ್ವಂತ ಮಗನನ್ನೂ ಹಾಗೆಯೇ ಬೆಳೆಸಿದಳು. ನನ್ನ ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಸೋದರತ್ತೆಯರೆಲ್ಲ ನನ್ನ ಮುಖಕ್ಕೆ ಬಳಿದು ಗೋಡೆ ಸಾರಿಸಿದ ಹಾಗೆ ಮಾಡಿಟ್ಟರು. ನೀಲವ್ವ ಬಂದು ಪಾದಕ್ಕೆ ಹಚ್ಚಿ ಎದ್ದುಹೋದಳು. ನಾನು ಆಗ ಅದನ್ನು ಗೌರವ ಅಂದುಕೊಂಡಿದ್ದೆ.

ಕಳೆದ ಮೇ ತಿಂಗಳಲ್ಲಿ ಅವಳ ಮಗನಿಗೆ ಹೆಣ್ಣುಕೂಸು ಹುಟ್ಟಿತು. ಮಗ ಬ್ಯಾಡಗಿಯಲ್ಲೇ ಮೋಟರ್‌ಸೈಕಲ್ ರಿಪೇರಿ ಮಾಡುತ್ತಾನೆ, ಸೊಸೆ ಗುತ್ತಲದವಳು, ಒಳ್ಳೆಯ ಹುಡುಗಿ. ಕಣ್ಣಿನ ಕಥೆ ಅವಳ ಕಿವಿಗೂ ಬಿದ್ದಿತ್ತು. ಕೂಸನ್ನು ಅತ್ತೆಯ ಹತ್ತಿರ ಕೊಡಬೇಡವೆಂದೇನೂ ಅವಳು ಅನ್ನಲಿಲ್ಲ, ಆದರೆ ಕೊಡುವಾಗ ಅವಳ ಕಣ್ಣು ನೀಲವ್ವನ ಬೆರಳ ಮೇಲಿರುತ್ತಿತ್ತು. ನೀಲವ್ವ ಕೇಳುವುದನ್ನೇ ಬಿಟ್ಟಳು. ತೊಟ್ಟಿಲ ಹತ್ತಿರ ಕೂತು ಹಗ್ಗ ಜಗ್ಗುತ್ತಿದ್ದಳು, ಅಷ್ಟೇ. ನಾನು ಹೋದಾಗ ಒಮ್ಮೆ ಕೇಳಿದೆ, "ಯಾಕ ಚಿಗವ್ವ, ಎತ್ಕೊಳ್ಳಲ್ಲೇನು?"

"ಕೈ ಉರೀತಾವ," ಅಂದಳು.

"ಈಗ ಎಲ್ಲಿ ಕಾಯಿ ಮುಟ್ಟೀದಿ? ಹಂಗಾಮು ಮುಗದೈತಿ."

"ಮುಗದ್ರೂ ಉರೀತಾವ. ಎಲುವಿನಾಗ ಇಳದೈತಿ ಅದು."

ಆಗಸ್ಟಿನಲ್ಲೊಂದು ದಿನ ಫೋನು ಮಾಡಿ, ನನಗೆ ಬರ್ಫ ನೋಡಬೇಕಾಗಿದೆ ಎಂದಳು. ಯಾರದೋ ಮೊಬೈಲಿನಲ್ಲಿ ಜನ ಹಿಮದಲ್ಲಿ ಹೊರಳುವುದನ್ನು ನೋಡಿದ್ದಳಂತೆ. ಅವಳ ಲೆಕ್ಕ ಸರಳವಾಗಿತ್ತು. ಮೊಸರು ತಣ್ಣಗಿದೆ, ಸ್ವಲ್ಪ ಉರಿ ಎಳೆಯುತ್ತದೆ. ಬರ್ಫ ಅದಕ್ಕಿಂತ ತಣ್ಣಗೆ, ಪೂರ್ತಿ ಎಳೆಯುತ್ತದೆ. "ಒಮ್ಮೆ ಎರಡೂ ಕೈ ಅದರಾಗ ಇಡತೇನಿ. ಉರಿ ಇಳಿತಂದ್ರ ಕೂಸಿನ್ನ ಎತ್ಕೋತೇನಿ. ಇಳಿಲಿಲ್ಲಂದ್ರ ಬಿಡತೇನಿ, ಮತ್ತ ಕೇಳೂದಿಲ್ಲ."

ಅವಳ ಗ್ಯಾಂಗಿನ ಹೆಂಗಸರು ಪ್ರತಿ ವರ್ಷ ಕೆಲಸವಿಲ್ಲದ ದಿನಗಳಲ್ಲಿ ಒಂದು ಪ್ರವಾಸ ಹೋಗುತ್ತಾರೆ. ಶ್ರೀಶೈಲ, ಮಂತ್ರಾಲಯ, ಧರ್ಮಸ್ಥಳ, ಹೀಗೆ. ಈ ವರ್ಷ ಹಿಮಾಲಯಕ್ಕೆ ಹೋಗೋಣವೆಂದು ನೀಲವ್ವ ಅಂದಾಗ ಎಲ್ಲರೂ ನಕ್ಕರು, ಅಲ್ಲಿ ಯಾವ ದೇವರಿದೆ ಎಂದು ಕೇಳಿದರು. ಕಾಡಿನ ಇಲಾಖೆಯವರ ಒಂದು ಉದ್ಯಾನ ಇದೆಯಂತೆ, ಬೆಟ್ಟದ ತುದಿಯಲ್ಲಿ, ಎಂದಳು. ಉದ್ಯಾನ ನೋಡುವುದಕ್ಕೆ ಯಾರಾದರೂ ಮೂರು ದಿನ ರೈಲಿನಲ್ಲಿ ಕೂರುತ್ತಾರೆಯೇ? ಕೊನೆಗೆ ಅವಳ ಪಕ್ಕದಲ್ಲಿ ಮೂವತ್ತು ವರ್ಷ ಕೂತು ತುಂಬು ಬಿಡಿಸಿದ ಹನುಮವ್ವ ಒಬ್ಬಳು ಒಪ್ಪಿದಳು. ನಾನು ಹೈಸ್ಕೂಲಿನ ಹಿಂದಿ ಟೀಚರು, ಹಾಗಾಗಿ ನನ್ನನ್ನು ಕೇಳುವ ಪ್ರಮೇಯವೇ ಬರಲಿಲ್ಲ. ಟಿಕೀಟು ತೆಗೆಸಲು ಹೇಳಿದಳು, ತೆಗೆಸಿದೆ.

ತಪ್ಪಾದದ್ದು ಅಲ್ಲಿಯೇ. ಯಾರ್ಡಿನವರಿಗೆ ವರ್ಷದಲ್ಲಿ ಎರಡೇ ಕಾಲ, ಕಾಯಿ ಬರುವ ಕಾಲ ಮತ್ತು ಕಾಯಿ ಬರದ ಕಾಲ. ಬರುವ ಕಾಲದಲ್ಲಿ ಊರು ಬಿಡುವ ಮಾತೇ ಇಲ್ಲ. ಬೇಸಿಗೆ ಮುಗಿದ ಮೇಲೆ ನನಗೆ ದಸರಾ ಬಿಟ್ಟರೆ ಬೇರೆ ರಜೆ ಇಲ್ಲ. ಎರಡೂ ಕೂಡುವುದು ಅಕ್ಟೋಬರಿನಲ್ಲಿ. ಇಷ್ಟು ಚೆನ್ನಾಗಿ ಕೂಡಿಬಂತಲ್ಲ ಎಂದು ನಾವು ಮೂವರೂ ಹಿಗ್ಗಿದೆವು. ಹಿಮಕ್ಕೂ ಒಂದು ಕಾಲ ಇರಬಹುದು, ಅದನ್ನೂ ಒಂದು ಮಾತು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಬೇರೆಯವರ ವಿಷಯ ಬಿಡಿ, ಋತುಗಳ ಮೇಲೆ ಹಿಂದಿಯಲ್ಲಿ ಪ್ರಬಂಧ ಬರೆಸಿ ಕೆಂಪು ಇಂಕಿನಲ್ಲಿ ತಿದ್ದುವ ನನಗೂ ಹೊಳೆಯಲಿಲ್ಲ.

ಹುಬ್ಬಳ್ಳಿಯಿಂದ ರೈಲು, ದಿಲ್ಲಿಯಿಂದ ಬಸ್ಸು, ಬೆಟ್ಟದ ಬುಡದ ಒಂದು ಊರಿನಿಂದ ಜೀಪು. ಜೀಪಿನ ಡ್ರೈವರ್ ಹೆಸರು ಪ್ರೇಮಸಿಂಗ್, ನನ್ನ ಮಗನ ವಯಸ್ಸಿನವನು. ನಾನು ಮುಂದಿನ ಸೀಟಿನಲ್ಲಿ ಕೂತು ಶುದ್ಧ ಹಿಂದಿಯಲ್ಲಿ, ಉದ್ಯಾನವನ್ನು ತಲುಪಲು ಎಷ್ಟು ಸಮಯ ಅಪೇಕ್ಷಿತವೆಂದು ವಿಚಾರಿಸಿದೆ. ಅವನು ನನ್ನನ್ನು ಗಾಬರಿಯಿಂದ ನೋಡಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ. ಹಿಂದಿನ ಸೀಟಿನಿಂದ ನೀಲವ್ವ, ವ್ಯಾಪಾರಿಗಳ ಬಾಯಿಂದ ಯಾರ್ಡಿನಲ್ಲಿ ಕಲಿತ ಹಿಂದುಸ್ತಾನಿಯಲ್ಲಿ, "ಭೈಯಾ, ಊಪರ್ ಪೌಂಚನೇ ಕಿತ್ತಾ ಟೈಮ್ ಹೋನಾ?" ಎಂದಳು. ಅವನು ಮೂರು ತಾಸು ಎಂದ. ಆಮೇಲೆ ಆ ದಿನವಿಡೀ ಅವರಿಬ್ಬರೇ ಮಾತಾಡಿದರು, ಇಪ್ಪತ್ತಾರು ವರ್ಷ ಹಿಂದಿ ಕಲಿಸಿದ ನಾನು ಕಿಟಕಿ ನೋಡಿದೆ.

ನೋಡಿದ್ದು ಒಳ್ಳೆಯದೇ ಆಯಿತು. ನಮ್ಮ ಕಡೆಯ ರಸ್ತೆಗಳಿಗೆ ಯಾರ ಭಯವೂ ಇಲ್ಲ, ಹೊಲದ ನಡುವೆ ನೇರ ಹೋಗುತ್ತವೆ, ಬದಿಯಲ್ಲಿ ಒಂದು ಜಾಲಿಗಿಡ ಬಂದರೆ ಅದೇ ತಿರುವು. ಈ ರಸ್ತೆ ಹತ್ತು ಮಾರು ಹೋಗಿ ತಿರುಗುತ್ತಿತ್ತು, ಮತ್ತೆ ಹತ್ತು ಮಾರು ಹೋಗಿ ವಾಪಸು ತಿರುಗುತ್ತಿತ್ತು. ಈಗಷ್ಟೇ ದಾಟಿಬಂದ ಚಹದ ಅಂಗಡಿ ಕೈಯಳತೆಯಲ್ಲಿ ಕೆಳಗೆ ಕಾಣುತ್ತಿತ್ತು. ಅರ್ಧ ತಾಸಿನ ಮೇಲೆ ನೋಡಿದರೂ ಅದೇ ಅಂಗಡಿ, ಇನ್ನೂ ಕೆಳಗೆ, ಅದರ ತಗಡಿನ ಮೇಲೆ ಕೂತ ಕಾಗೆಯೂ ಕಾಣುತ್ತಿತ್ತು. ಒಂದು ಬದಿಗೆ ದೇವದಾರು ಮರಗಳು, ಇನ್ನೊಂದು ಬದಿಗೆ ಏನೂ ಇಲ್ಲ. ಆ ಏನೂ ಇಲ್ಲದ ಬದಿಯ ತಳದಲ್ಲಿ ಒಂದು ಹೊಳೆ ಸದ್ದಿಲ್ಲದೆ ಹೊಳೆಯುತ್ತಿತ್ತು. ಹನುಮವ್ವ ಮೂರನೇ ತಿರುವಿಗೆ ಕಣ್ಣು ಮುಚ್ಚಿದಳು, ಎಂಟನೇ ತಿರುವಿಗೆ ವಾಂತಿ ಮಾಡಿಕೊಂಡಳು. ನೀಲವ್ವ ಅವಳ ಬೆನ್ನನ್ನು ಮುಂಗೈಯಿಂದ ನೀವುತ್ತ, ಹುಣಸೆಹಣ್ಣಿನ ಉಂಡೆ ಚೀಪಲು ಕೊಟ್ಟು, "ಏಳ ಹನುಮಿ, ಎಂಥಾ ಚಂದ ಐತಿ ನೋಡು. ಇಷ್ಟು ದೂರ ಬಂದು ಕಣ್ಣು ಮುಚ್ಚತಾರೇನು?" ಎನ್ನುತ್ತಿದ್ದಳು.

ದಾರಿಯ ಒಂದು ಹಳ್ಳಿಯಲ್ಲಿ ಕಲ್ಲುಚಪ್ಪಡಿಯ ಮಾಡಿನ ಮೇಲೆ ಮೆಕ್ಕೆಜೋಳದ ತೆನೆ ಒಣಹಾಕಿದ್ದರು. ಅದರ ಪಕ್ಕ ಒಂದು ಚಾಪೆಯಷ್ಟು ಕೆಂಪು. ನೀಲವ್ವ ಜೀಪು ನಿಲ್ಲಿಸಿಯೇಬಿಟ್ಟಳು. ಮಾಡು ರಸ್ತೆಯ ಮಟ್ಟಕ್ಕೇ ಇತ್ತು, ಬಗ್ಗಿ ನೋಡಬಹುದಿತ್ತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು, "ಹನುಮಿ, ಒಂದು ಮುರಿ," ಎಂದಳು. ಹನುಮವ್ವ ವಾಂತಿಯ ಸುಸ್ತಿನಲ್ಲೇ ಬಂದು ಒಂದು ಕಾಯಿ ಮುರಿದಳು. ಚಟ್ ಎನ್ನಲಿಲ್ಲ, ಬಾಗಿತು. "ಹಸಿ ಐತಿ. ಇನ್ನೂ ನಾಕು ಬಿಸಲು ಬೇಕು," ಎಂದು ನೀಲವ್ವ ತೀರ್ಪು ಕೊಟ್ಟಳು. ಆ ಮನೆಯ ಮುದುಕಿ ಹೊರಗೆ ಬಂದು ನಮ್ಮನ್ನೆಲ್ಲ ನೋಡಿ ನಕ್ಕು, ಒಂದೊಂದು ಸೇಬು ಕೊಟ್ಟಳು. ನೀಲವ್ವ ಕೈ ಚಾಚದೆ ಸೆರಗು ಒಡ್ಡಿದಳು. ಇಷ್ಟು ಹತ್ತಿರ ಬಂದಮೇಲೆ ಕೈಗೆ ಏನನ್ನೂ ತಾಗಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಉದ್ಯಾನದ ಬಾಗಿಲಲ್ಲಿ ಒಂದು ದೊಡ್ಡ ಫಲಕ. ಅದರ ತುಂಬ ಬೆಳ್ಳಗಿನ ಹಿಮ, ಹಿಮದ ಮೇಲೆ ಒಂದು ಚಿರತೆ, ಕೆಳಗೆ ಬಣ್ಣಬಣ್ಣದ ಹೂವು. ಒಳಗೆ ಹೋದರೆ ಮರಗಳು ಮುಗಿದು ಬರೀ ಹುಲ್ಲುಗಾವಲು. ಕೊಯ್ಲಿಗೆ ಬಂದ ಗೋಧಿಯ ಬಣ್ಣ, ಕಣ್ಣು ಹಾಯುವಷ್ಟು ದೂರ. ಅದರ ಮೇಲೆ ಬೂದುಕಲ್ಲಿನ ಶಿಖರಗಳು, ಅವುಗಳ ಮೇಲೆ ನೀಲಿ. ಅಷ್ಟು ಶುಭ್ರವಾದ ನೀಲಿಯನ್ನು ನಾನು ನೋಡಿರಲಿಲ್ಲ. ಗಾಳಿ ತೆಳ್ಳಗಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಇಲಿಯಂಥ ಒಂದು ಪ್ರಾಣಿ ಕಲ್ಲಿನ ಸಂದಿಯಿಂದ ಇಣುಕಿ, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಒಳಗೆ ಓಡಿತು. ನಾನು ಮೈಮರೆತು ನಿಂತೆ. ಹಿಂದಿನಿಂದ ನೀಲವ್ವ ಕೇಳಿದಳು.

"ಬರ್ಫ ಎಲ್ಲೈತಿ?"

ಹೂವಿನ ಕಾಲ ಮುಗಿದಿತ್ತು, ಹಿಮದ ಕಾಲ ಬಂದಿರಲಿಲ್ಲ. ಪ್ರೇಮಸಿಂಗ್ ನಗುತ್ತ ಅದನ್ನೇ ಹೇಳಿದ, ನವೆಂಬರ್ ದಾಟಲಿ, ಆಗ ಬನ್ನಿ, ಸೊಂಟದಷ್ಟು ಬೀಳುತ್ತದೆ. ನವೆಂಬರ್ ದಾಟಿದರೆ ಈ ರಸ್ತೆಯೇ ಮುಚ್ಚುತ್ತದೆ ಎಂದೂ ಹೇಳಿದ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಚಿಗವ್ವ, ನಾ ವಿಚಾರ ಮಾಡಬೇಕಾಗಿತ್ತು," ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಳು. ಬೆರಳ ತುದಿಯೆಲ್ಲ ಸೀಳು, ಗೆರೆಗಳು ಸವೆದು ನುಣ್ಣಗೆ. ಹನುಮವ್ವ ಅವಳ ಪಕ್ಕ ಕೂತಳು.

ನೀಲವ್ವ, ಲೆಕ್ಕ ಬಿಡಿಸುವವಳ ಹಾಗೆ, "ಅಂದ್ರ ಇದು ಮಾಲು ಬರೂ ಟೈಮ್ ಅಲ್ಲ," ಎಂದಳು.

"ಅಲ್ಲ."

"ನಮ್ಮಲ್ಲಿ ಅಕ್ಟೋಬರನ್ಯಾಗ ಯಾರರ ಬಂದು ಕಾಯಿ ಕೇಳಿದ್ರ ಇಲ್ಲ ಅಂತಾರೇನು?" ಅವಳ ಮುಖ ಸ್ವಲ್ಪ ಬೆಳಗಿತು. "ಕೋಲ್ಡ್ ಸ್ಟೋರೇಜ್‌ನ್ಯಾಗ ಹೋದ ವರ್ಷದ್ದು ಇರತೈತಿ. ಬಾಗಲ ಹತ್ತಿರದ್ದು ಖಾಲಿ ಆಗಿರತೈತಿ, ಹಿಂದ ಮೂಲ್ಯಾಗಿಂದು ಉಳದಿರತೈತಿ."

ಎದ್ದು ಪ್ರೇಮಸಿಂಗನ ಹತ್ತಿರ ಹೋದಳು. "ಭೈಯಾ, ತಾಜಾ ಮಾಲ್ ನಕ್ಕೋ. ಪುರಾನಾ ಹೋನಾ. ಪಿಛಲೇ ಸಾಲ್ ಕಾ ಬರ್ಫ್. ಧೂಪ್ ನಹೀ ಆತಾ ಸೋ ಕೋನೇ ಮೇ."

ಹೊಸ ಮಾಲು ಬೇಡ, ಹೋದ ವರ್ಷದ ಹಿಮ ಬೇಕು, ಬಿಸಿಲು ಬೀಳದ ಮೂಲೆಯದು. ಅವನು ತಲೆ ಕೆರೆದುಕೊಂಡ. ಆಮೇಲೆ ಅವನ ಮುಖವೂ ಬೆಳಗಿತು. ಇದೆ ಎಂದ. ದಾರಿಯ ಆಚೆ, ಬೆಟ್ಟದ ನೆರಳಿನ ಬದಿಗೆ ಒಂದು ಕೊರಕಲು, ಅಲ್ಲಿ ಬೇಸಿಗೆಯ ಬಿಸಿಲೂ ತಲುಪುವುದಿಲ್ಲ. ಆದರೆ ಅದನ್ನು ನೋಡಲು ಯಾರೂ ಹೋಗುವುದಿಲ್ಲ, ಅಮ್ಮಾ, ಅದು ಕೊಳಕಾಗಿದೆ ಎಂದ.

ಅರ್ಧ ತಾಸು ನಡೆಸಿದ. ಕೊರಕಲಿನ ತಳದಲ್ಲಿ ಅದು ಬಿದ್ದಿತ್ತು. ಎರಡು ಎತ್ತಿನಗಾಡಿಯಷ್ಟು ಉದ್ದ ಇದ್ದೀತು. ಮೇಲೆಲ್ಲ ಮಣ್ಣು, ಕಡ್ಡಿ, ಕಲ್ಲಿನ ಚೂರು. ದೂರದಿಂದ ನೋಡಿದರೆ ಯಾರೋ ಬಿಟ್ಟುಹೋದ ಹಳೆಯ ಕಂಬಳಿ ಅನ್ನಬೇಕು. ಫಲಕದಲ್ಲಿದ್ದ ಹಿಮಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನೀಲವ್ವ ಅದರ ಮುಂದೆ, ಕಾಯಿಯ ಗುಡ್ಡೆಯ ಮುಂದೆ ಕೂರುವಂತೆಯೇ ಒಂದು ಮೊಣಕಾಲು ಮಡಚಿ ಕೂತಳು. ಮೇಲಿನ ಮಣ್ಣಿನ ಪದರನ್ನು ಒಂದು ಕಲ್ಲಿನಿಂದ ಕೆರೆದಳು. ಒಳಗೆ ಬೆಳ್ಳಗಿತ್ತು. ಎರಡೂ ಕೈ ಮಣಿಕಟ್ಟಿನವರೆಗೆ ಅದರೊಳಗೆ ತುರುಕಿದಳು.

"ಹೆಂಗೈತಿ?" ಹನುಮವ್ವ ಕೇಳಿದಳು.

"ಉರೀತೈತಿ."

"ಕೈ?"

"ಬರ್ಫ. ಬರ್ಫನ ಉರೀತೈತಿ. ಕಾಯಿಕಿಂತ ಹೆಚ್ಚಿಗಿ."

ತೆಗೆ ಎಂದೆ. ಅವಳು ತೆಗೆಯಲಿಲ್ಲ. ಹಲ್ಲು ಕಚ್ಚಿ ಕೂತಳು. ಪ್ರೇಮಸಿಂಗ್ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಅವಳ ತೋಳು ಹಿಡಿದು ಜಗ್ಗಿದ ಮೇಲೆಯೇ ಕೈ ಹೊರಗೆ ಬಂದದ್ದು. ಕೈ ನೀಲಿಗೆಂಪಾಗಿತ್ತು. ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. "ಏನೂ ತಿಳೀವಲ್ತು. ಯಾರ ಕೈಯೋ ಅನಸಾಕತ್ತೈತಿ," ಎಂದಳು. ಸೆರಗಿನಲ್ಲಿ ಒರೆಸಿಕೊಂಡಳು.

ಅಲ್ಲಿ ಗಾಳಿ ಬಹಳ ಇತ್ತು. ನನ್ನ ಕಣ್ಣಲ್ಲಿ ಆಗಲೇ ನೀರು ಸುರಿಯುತ್ತಿತ್ತು, ಅರ್ಧ ಗಾಳಿಗೆ, ಅರ್ಧ ಯಾತಕ್ಕೆಂದು ನಿಮಗೆ ಗೊತ್ತಿದೆ. ನೀಲವ್ವ ನನ್ನ ಮುಂದೆ ಬಂದು ನಿಂತಳು.

"ಕಣ್ಣು ಮುಚ್ಚು."

ಮುಚ್ಚಿದೆ. ನಲವತ್ತೇಳು ವರ್ಷದಲ್ಲಿ ಮೊದಲ ಸಲ ಅವಳ ಬೆರಳು ನನ್ನ ಮುಖಕ್ಕೆ ತಾಗಿತು. ಮರದ ತೊಗಟೆಯಂತೆ ಒರಟು, ಕಲ್ಲಿನಂತೆ ತಣ್ಣಗೆ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನಿಧಾನ ಒರೆಸಿದಳು.

"ಉರೀತೇನು?"

"ಇಲ್ಲ."

"ನನ್ನ ಸಮಾಧಾನಕ್ಕ ಹೇಳಬ್ಯಾಡ. ಖರೇ ಹೇಳು."

"ಖರೇನ ಚಿಗವ್ವ. ಏನೂ ಉರೀಲಿಲ್ಲ."

ಕಣ್ಣು ಬಿಟ್ಟಾಗ ಅವಳು ಆ ಕಡೆ ತಿರುಗಿ ಶಿಖರ ನೋಡುತ್ತಿದ್ದಳು. ಹನುಮವ್ವ ನನ್ನ ಕಿವಿಯ ಹತ್ತಿರ ಬಂದು, "ಉರಿಯೂದು ಎಲ್ಲಿಂದ ಬಂತು? ಐದು ತಿಂಗಳಾತು ಆಕಿ ಕಾಯಿ ಮುಟ್ಟಿಲ್ಲ. ನನ್ನ ಕೈಯಾಗರ ಎಲ್ಲೈತಿ ಖಾರ?" ಎಂದು ಶುರುಮಾಡಿದಳು. ನಾನು ಅವಳ ತೋಳಿಗೆ ಬಲವಾಗಿ ಚಿವುಟಿದೆ. ಇಷ್ಟು ದೂರ ಬಂದ ಮುದುಕಿಗೆ ಹಿಮ ಏನೋ ಒಂದು ಕೊಟ್ಟಿದೆ, ಅದನ್ನು ನಾವೇಕೆ ಕಸಿಯಬೇಕು ಎಂದು ನನ್ನ ವಿಚಾರ. ಬಹಳ ಉದಾರಿ ಎಂದು ಆಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಊರಿಗೆ ಮರಳಿದ ದಿನ ಅವಳು ಇಡೀ ಓಣಿಗೆ ಕೇಳುವಂತೆ, "ಉರಿ ಎಲ್ಲಾ ಗುಡ್ಡದ ಮ್ಯಾಲ ಬಿಟ್ಟು ಬಂದೇನಿ," ಎಂದು ಸಾರಿದಳು. ತೊಟ್ಟಿಲಿನಿಂದ ಕೂಸನ್ನು ಎರಡೂ ಅಂಗೈಯಲ್ಲಿ ಎತ್ತಿ, ಅದರ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸವರಿದಳು. ಕೂಸು ನಕ್ಕಿತು. ಸೊಸೆ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡಳು. ನಾನು ಹೊಟ್ಟೆ ತುಂಬ ಊಟ ಮಾಡಿ ರಾಣೆಬೆನ್ನೂರಿಗೆ ಬಂದು, ಸ್ವೆಟರು ಟ್ರಂಕಿಗೆ ಹಾಕಿ, ಮರೆತುಬಿಟ್ಟೆ.

ಇನ್ನು ಮೊನ್ನೆಯ ಶನಿವಾರಕ್ಕೆ ಬರೋಣ. ಬಸ್ಸು ಬ್ಯಾಡಗಿಗೆ ಇನ್ನೂ ಎರಡು ಕಿಲೋಮೀಟರು ಇರುವಾಗಲೇ ಸೀನು ಬಂತು. ಯಾರ್ಡಿನ ಶೆಡ್ಡಿನಲ್ಲಿ ನೀಲವ್ವ ಎಂದಿನ ಜಾಗದಲ್ಲಿ ಕೂತಿದ್ದಳು, ಪಕ್ಕದಲ್ಲಿ ಹನುಮವ್ವ, ಮುಂದೆ ಮೊಣಕಾಲೆತ್ತರದ ಕೆಂಪು ಗುಡ್ಡೆ. ಕೈ ಮಣಿಕಟ್ಟಿನವರೆಗೂ ಕೆಂಪು. ನಾನು ಸೀನುತ್ತ ಹೋಗಿ ಅವಳ ಮುಂದೆ ಕುಕ್ಕರಿಸಿ, ಸುತ್ತಿಬಳಸದೆ ಹೇಳಿಬಿಟ್ಟೆ.

"ಚಿಗವ್ವ, ಕೆಲಸ ಮುಗಿಸಿ ಹೋಗಿ ಕೂಸಿನ ಮುಖ ಮುಟ್ಟಬ್ಯಾಡ. ಬರ್ಫದಿಂದ ಏನೂ ಆಗಿಲ್ಲ. ಅವತ್ತ ನಿನ್ನ ಕೈಯಾಗ ಖಾರ ಇರಲೇ ಇಲ್ಲ. ನನಗ ಗೊತ್ತಿತ್ತು, ಹೇಳಲಿಲ್ಲ. ನನ್ನ ತಪ್ಪು."

ಅವಳು ಇನ್ನೂ ನಾಲ್ಕು ಕಾಯಿಯ ತುಂಬು ಮುರಿದಳು. ಆಮೇಲೆ ಮೂಗಿನ ಬಟ್ಟೆ ಕೆಳಗೆ ಜಗ್ಗಿದಳು.

"ಇದನ್ನ ಹೇಳಾಕ ರಾಣೆಬೆನ್ನೂರಿಂದ ಬಂದೀಯೇನು? ನಲವತ್ತೇಳು ವರ್ಷ ಕಾಯಿ ಹಿಡದಾಕಿ ನಾನು. ಖಾರ ಯಾವಾಗ ಹತ್ತತೈತಿ, ಯಾವಾಗ ಬಿಡತೈತಿ, ನನಗ ತಿಳೀದೇನು? ನೀ ಹನುಮಿನ್ನ ಚಿವುಟಿದ್ದೂ ನೋಡೇನಿ."

"ಮತ್ತ ಅಷ್ಟು ದೂರ ಯಾಕ ಹೋದಿ?"

"ತಿಳಿದಿದ್ರೂ ಕೈ ಮುಂದ ಬರತಿರಲಿಲ್ಲ. ಕೂಸಿನ ಹತ್ತಿರ ಒಯ್ದರ ನೀ ಒದರಿದ್ದು ಕಿವ್ಯಾಗ ಕೇಳತಿತ್ತು." ಒಂದು ಕಾಯಿ ಎತ್ತಿಕೊಂಡಳು, ಮುರಿಯಲಿಲ್ಲ. "ಮೊದಲ ನಿನ್ನ ಕಣ್ಣು ಒರಸಬೇಕಾಗಿತ್ತು. ಅದಕ್ಕ ನೀನೂ ಸಂಗಾಟ ಬರಬೇಕಾಗಿತ್ತು. ಇಲ್ಲೇ ಕುಂದರಿಸಿ ಒರಸತೇನಿ ಬಾ ಅಂದಿದ್ರ ನೀ ನಗತಿದ್ದಿ."

ಹೌದು, ನಗುತ್ತಿದ್ದೆ. ಎಲ್ಲರನ್ನೂ ಕರೆದು ಹೇಳಿ ನಗಿಸುತ್ತಿದ್ದೆ. ಅವಳ ಜೊತೆ ಹಿಮಾಲಯಕ್ಕೆ ನಾನು ದುಭಾಷಿಯಾಗಿ ಹೋದೆನೆಂದು ಇಷ್ಟು ದಿನ ತಿಳಿದಿದ್ದೆ. ಅವಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ನಾನೂ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿಯಲು ನೋಡಿದೆ. ಅರ್ಧ ಕಾಯಿಯೇ ಮುರಿದು ಬಂತು. ಹನುಮವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, "ಮಾಲು ಕೆಡಸಬ್ಯಾಡ್ರಿ ಟೀಚರ," ಎಂದಳು.

ಸಂಜೆ ನೀಲವ್ವನ ಜೊತೆ ಅವಳ ಮನೆಗೆ ಹೋದೆ. ಎಣ್ಣೆ, ಕಡಲೆಹಿಟ್ಟು, ಮೊಸರು, ಎಲ್ಲ ಕ್ರಮವಾಗಿ ಆಯಿತು. ಕೈ ಒರೆಸಿಕೊಂಡು ಪಡಸಾಲೆಯಲ್ಲಿ ಕೂತಳು. ಹಂಗಾಮು ನಡೆದಿದೆ, ಆದ್ದರಿಂದ ಬೆರಳು ಮಡಚಿ, ಮುಂಗೈ ಮಾತ್ರ ಮುಂದೆ ಚಾಚಿ ಕೂಸನ್ನು ಕರೆದಳು. ಕೂಸು ಅಂಬೆಗಾಲಿಟ್ಟು ಬಂತು. ಬಂದದ್ದೇ ಅವಳ ಮುಷ್ಟಿಯನ್ನು ಬಿಡಿಸಿ, ತೋರುಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು. ನೀಲವ್ವ ಎಳೆದುಕೊಳ್ಳುವಷ್ಟರಲ್ಲಿ ಒಂದು ಸಲ ಚೀಪಿಯಾಗಿತ್ತು. ಸೊಸೆ ಒಲೆಯ ಹತ್ತಿರ ನಿಂತಲ್ಲೇ ನಿಂತಳು, ನಾನು ಮೊಸರಿನ ಬಟ್ಟಲಿಗೆ ಕೈ ಹಾಕಿದೆ. ಕೂಸಿನ ಮುಖ ಸಣ್ಣಗಾಯಿತು, ತುಟಿ ಸೊಟ್ಟಗಾಯಿತು, ಒಂದಿಷ್ಟು ಜೊಲ್ಲು ಸುರಿಯಿತು. ಅಳುತ್ತದೆ ಎಂದು ಮೂವರೂ ಕಾದೆವು. ಅದು ಸ್ವಲ್ಪ ಹೊತ್ತು ಅಜ್ಜಿಯನ್ನೇ ನೋಡಿತು. ನೀಲವ್ವ ಸಮಾಧಾನಕ್ಕೆಂದು ಮುಂಗೈಯನ್ನು ಅದರ ಕೆನ್ನೆಗೆ ಒಯ್ದಳು. ಕೂಸು ಮುಂಗೈಯನ್ನು ಆಚೆ ತಳ್ಳಿ, ಮತ್ತೆ ಬೆರಳಿಗೇ ಬಾಯಿ ತೆರೆಯಿತು.